ದಿನಕ್ಕೆ ಮೂರು ಸಲ ಭಂಗಿ

ಬೆಟ್ಟದಪುರದ ನಂಜುಂಡಸ್ವಾಮಿಯವರ ಬಗ್ಗೆ ಬರೆಯಲು ನನಗೆ ಯಾವ ಅರ್ಹತೆಯೂ ಇಲ್ಲ. ಅವರು ಹಾಸಿಗೆ ಹಿಡಿದದ್ದೇ ನನ್ನ ಬರಹದಿಂದ. ಬೇರೆ ಯಾರೂ ಬರೆಯುವ ಹಾಗೆ ಕಾಣಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹೊಗೆಸೊಪ್ಪು ಬೆಳೆಯುವವರು ಆ ಕಡೆ ಬೇಕಾದಷ್ಟಿದ್ದಾರೆ. ಆದರೆ ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಬೇಯಿಸಿ ತೆಗೆದ ಎಲೆಯನ್ನು ಬರೀ ಬೆರಳಲ್ಲಿ ಸವರಿ ಇದು ಇಂಥ ದರ್ಜೆ ಎಂದು ಹೇಳುತ್ತಿದ್ದವರು ಅವರೊಬ್ಬರೇ ಅಂತೆ. ಹೇಳುವಾಗ ಏನಾದರೊಂದು ತಮಾಷೆ ಸೇರಿಸಿ, ಸೊಪ್ಪು ವಿಂಗಡಿಸಲು ಬಂದ ಹೆಂಗಸರನ್ನೆಲ್ಲ ನಗಿಸಿ, ತಾವೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರಂತೆ. ಆ ನಗುವನ್ನು ನಾನು ನೋಡಿಲ್ಲ. ನನ್ನ ಹತ್ತಿರ ಬರುವ ಹೊತ್ತಿಗೆ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಬಂದು ನಾಲ್ಕು ವರ್ಷವಾಗಿತ್ತು. ಬಲಗೈ ನಡುಕ, ಮುಂದಕ್ಕೆ ಬಾಗಿದ ಬೆನ್ನು, ಇಷ್ಟಿಷ್ಟೇ ಹೆಜ್ಜೆ. ಅದೆಲ್ಲಕ್ಕಿಂತ ಕಷ್ಟದ್ದು ಮುಖ. ಆ ಕಾಯಿಲೆ ಮುಖವನ್ನು ಬಿಗಿದುಬಿಡುತ್ತದೆ, ಒಳಗೆ ಸಂತೋಷವಾದರೂ ಹೊರಗೆ ಕಾಣುವುದಿಲ್ಲ.

"ಕೈ ನಡುಗಿದ್ರೆ ನಡುಗ್ಲಿ ಬುಡಿ ಮೇಡಮ್ಮೋರೆ," ಎಂದರು ಹೆಂಡತಿ ಸುನಂದಮ್ಮ. "ಇವ್ರು ನನ್ ಮೇಲೆ ಕ್ವಾಪ ಮಾಡ್ಕಂಡವ್ರೋ ಚೆನ್ನಾಗವ್ರೋ ಒಂದೂ ಗೊತ್ತಾಯ್ತಿಲ್ಲ. ಒಂದ್ಸಲ ನಕ್ರೆ ಸಾಕು ಕಣವ್ವ."

ನಾನು ಪಿರಿಯಾಪಟ್ಟಣದಲ್ಲಿ ಫಿಸಿಯೋಥೆರಪಿ ಮಾಡುವವಳು. ನಗಿಸುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಗೋಡೆಗೆ ಬೆನ್ನು ತಾಗಿಸಿ ನೆಟ್ಟಗೆ ನಿಲ್ಲುವುದನ್ನು ಹೇಳಿಕೊಟ್ಟು, ಮನೆಯಲ್ಲೂ ಮಾಡಲಿ ಎಂದು ಚೀಟಿ ಬರೆದೆ. ಶುದ್ಧ ಕನ್ನಡದಲ್ಲೇ ಬರೆಯಬೇಕೆಂಬ ಹಟ ಬೇರೆ ನನಗೆ. ಪೋಸ್ಚರ್ ಎಂದು ಬರೆದಿದ್ದರೆ ಹಾಗಂದರೇನು ಎಂದಾದರೂ ಕೇಳುತ್ತಿದ್ದರು. ನಾನು ಮಹಾ ಜಾಣೆ, "ಭಂಗಿ, ದಿನಕ್ಕೆ ಮೂರು ಸಲ, ಊಟಕ್ಕೆ ಮುಂಚೆ" ಎಂದು ಬರೆದೆ.

ಸುನಂದಮ್ಮನಿಗೆ ಗೊತ್ತಿದ್ದದ್ದು ಒಂದೇ ಭಂಗಿ. ಭಂಗಿ ಸೊಪ್ಪು, ಅಂದರೆ ಗಾಂಜಾ. ಚೀಟಿಯನ್ನು ಎರಡೆರಡು ಸಲ ಓದಿದರಂತೆ. ಮೇಡಮ್ಮೋರೇ ಬರೆದ ಮೇಲೆ ಇನ್ನೇನು ಎಂದು, ಪರಿಚಯದ ಕುಳ್ಳಯ್ಯ ಎಂಬಾತನಿಂದ ಗುಟ್ಟಾಗಿ ತರಿಸಿ, ಅರೆದು, ಹಾಲು ಬೆಲ್ಲ ಬೆರೆಸಿ ಗಂಡನಿಗೆ ಕುಡಿಸಿದರು.

ಮೂರನೆಯ ದಿನ ಫೋನು ಬಂತು. "ನಕ್ರು ಕಣವ್ವ! ಕೈ ನಡುಕಾನೂ ವಸಿ ಕಮ್ಮಿ ಆಯ್ತು. ನನ್ನ ಸುನಂದಿ ಅಂತ ಕರುದ್ರು!" ಸುನಂದಮ್ಮ ಅಳುತ್ತಿದ್ದರು. ನನಗೋ ಹಿಗ್ಗೋ ಹಿಗ್ಗು. "ನೋಡಿದಿರಾ? ಒಂದು ಹೊತ್ತೂ ತಪ್ಪಿಸಬೇಡಿ," ಎಂದೆ.

ಐದನೆಯ ದಿನ ಮಧ್ಯಾಹ್ನ ಕುಡಿದು ಎದ್ದು ನಿಂತ ನಂಜುಂಡಸ್ವಾಮಿಯವರಿಗೆ ಕಣ್ಣು ಕತ್ತಲೆ ಬಂತು. ಕಾಲು ಕಿತ್ತಿಡಲು ಆಗಲಿಲ್ಲ. ಜಗಲಿಯ ಅಂಚಿಗೆ ಬಿದ್ದು ಸೊಂಟದ ಮೂಳೆ ಮುರಿಯಿತು.

ಮೈಸೂರಿನ ಆಸ್ಪತ್ರೆಗೆ ಓಡಿದ ನಾನು ಭಂಗಿಯ ವಿಷಯ ಕೇಳಿದ್ದು ಅಲ್ಲೇ. ನೆಲ ಬಾಯಿ ಬಿಡಬಾರದೇ ಎನಿಸಿತು. ನರರೋಗದ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ವಿವರಿಸಿದರು. ಭಂಗಿಯಲ್ಲಿರುವಂಥದೇ ರಸವನ್ನು ನಮ್ಮ ಮಿದುಳು ತನಗೆ ಬೇಕಾದಷ್ಟು ತಾನೇ ಮಾಡಿಕೊಳ್ಳುತ್ತದೆ. ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ನರಗಳ ಮೇಲಿರುತ್ತವೆ. ಸಂದೇಶಗಳ ಅಬ್ಬರ ಹೆಚ್ಚಾದಲ್ಲಿ ತಗ್ಗಿಸುವುದು ಅವುಗಳ ಕೆಲಸ. ನಡಿಗೆ, ಮೈಯ ಸಮತೋಲ, ನೆನಪು, ಉಲ್ಲಾಸ ಇವನ್ನು ನೋಡಿಕೊಳ್ಳುವ ಜಾಗಗಳಲ್ಲಿ ಅವು ಒತ್ತೊತ್ತಾಗಿವೆ.

"ಗಿರಾಕಿಗಳಾ?" ಎಂದರು ಸುನಂದಮ್ಮ.

"ಹಾಗೇ ಅಂದುಕೊಳ್ಳಿ. ಹೊರಗಿನ ಸೊಪ್ಪು ಒಳಗೆ ಹೋದರೆ ಎಲ್ಲ ಕಡೆಯವರೂ ಒಟ್ಟಿಗೇ ತೆಗೆದುಕೊಳ್ಳುತ್ತಾರೆ. ಒಂದು ಕಡೆ ಬಿಗಿ ಸಡಿಲವಾಗಿ ನಗು ಬರಬಹುದು. ಇನ್ನೊಂದು ಕಡೆ ಕಾಲು ಮಾತು ಕೇಳುವುದಿಲ್ಲ."

"ನಗೋ ಕಡೀಕೆ ಮಾತ್ರ ಓಗೋ ಅಂಗೆ ಕೊಡಾಕಾಗಲ್ವಾ?"

"ಆಗಲ್ಲಮ್ಮ," ಎಂದರು ಡಾಕ್ಟರು.

ಆರು ತಿಂಗಳಾಯಿತು. ವಾರಕ್ಕೊಮ್ಮೆ ಅವರ ಮನೆಗೆ ಹೋಗಿ ಕಾಲಿಗೆ ವ್ಯಾಯಾಮ ಮಾಡಿಸುತ್ತೇನೆ. ಇನ್ನು ಅವರು ಎದ್ದು ನಡೆಯಲಾರರು ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಸುನಂದಮ್ಮ ಒಂದು ದಿನವೂ ನನ್ನನ್ನು ಬೈಯಲಿಲ್ಲ. ಹೋದಾಗಲೆಲ್ಲ ಕಾಫಿ ಕೊಡುತ್ತಾರೆ. ಅದನ್ನು ಕುಡಿಯುವುದು ನನಗೊಂದು ಶಿಕ್ಷೆ.

ಮೊನ್ನೆ ನಂಜುಂಡಸ್ವಾಮಿಯವರು ಬಾಯಿಬಿಟ್ಟರು. ಧ್ವನಿ ಬಹಳ ಸಣ್ಣದಾಗಿತ್ತು, ಬಗ್ಗಿ ಕೇಳಬೇಕಾಯಿತು.

"ಕಾಲು ಓಯ್ತಲ್ಲವ್ವ, ಇನ್ನು ಬೀಳಾದೆಲ್ಲಿಗೆ? ಅದ್ನೇ ಕೊಡು ಅಂತ ಇವಳ್ಗೆ ಯೋಳು."

ಸುನಂದಮ್ಮ ನನ್ನ ಕೈ ಹಿಡಿದುಕೊಂಡರು. "ನೀವೇ ಯೋಳಿ. ಕೊಡ್ಲಾ, ಬ್ಯಾಡ್ವಾ?"

ಕೊಡಿ ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂತು. ಆದರೆ ಕಾನೂನು, ಡಾಕ್ಟರ ಮಾತು, ಇನ್ನೊಂದು ಅನಾಹುತವಾದರೆ ಎಂಬ ಭಯ ತಡೆದವು. ನನ್ನ ಮಾತಿನ ಮೇಲೆ ನನಗೇ ನಂಬಿಕೆ ಹೋಗಿತ್ತು.

"ಬೇಡ," ಎಂದೆ.

ಸುನಂದಮ್ಮ ಕೈ ಬಿಟ್ಟು ಒಳಗೆ ಹೋದರು. ನಂಜುಂಡಸ್ವಾಮಿಯವರು ನನ್ನನ್ನೇ ನೋಡುತ್ತಿದ್ದರು. ಬೈಯುತ್ತಿದ್ದರೋ, ಬೇಡಿಕೊಳ್ಳುತ್ತಿದ್ದರೋ, ಕ್ಷಮಿಸಿದ್ದರೋ ಎಂದು ಆ ಮುಖದಲ್ಲಿ ಎಷ್ಟು ಹುಡುಕಿದರೂ ನನಗೆ ಏನೂ ಗೊತ್ತಾಗಲಿಲ್ಲ.