ಅತ್ತೆ ಗಂಜಿ ಹಾಕಿದ ನೀಲಿ ಫ್ರಾಕು

ದೊಮ್ಮಲೂರಿನ ನಮ್ಮ ಬೀದಿಯ ಇಸ್ತ್ರಿ ಗಾಡಿಯಿಂದ ಇವತ್ತು ಗಂಜಿ ಹಾಕಿದ ಬಟ್ಟೆ ಬಿಸಿಯಾಗುವ ವಾಸನೆ ಬಂತು. ಅದರ ಹಿಂದೆಯೇ ಹಲಸೂರಿನ ಹಳೇ ಮನೆಯೂ ನನ್ನ ಸೋದರತ್ತೆಯೂ ನೆನಪಾದರು.

ನಾನಾಗ ಚಿಕ್ಕವಳು, ಬೇಸಿಗೆ ರಜೆ. ಇಂದಿರಾನಗರದ ಗೆಳತಿಯ ಮನೆಯಲ್ಲಿ ಹುಟ್ಟುಹಬ್ಬ. ಆ ಸೆಕೆಯಲ್ಲಿ ರೇಷ್ಮೆ ಲಂಗ ಉಡುವ ಹಾಗಿರಲಿಲ್ಲ. ಉಳಿದದ್ದು ಮನೆಯಲ್ಲಿ ಹಾಕುವ ನೀಲಿ ಕಾಟನ್ ಫ್ರಾಕು. ಹೋಗುವುದೇ ಇಲ್ಲ ಎಂದು ಮೂಲೆ ಹಿಡಿದು ಕೂತೆ.

“ಅಳೋದು ಆಮೇಲೆ. ಫ್ರಾಕ್ ಕೊಡು ಇಲ್ಲಿ,” ಅಂದರು ಅತ್ತೆ.

ಅನ್ನದ ಗಂಜಿಯನ್ನು ಸೋಸಿ, ನೀರು ಬೆರೆಸಿ, ಫ್ರಾಕನ್ನು ಅದ್ದಿ ಹಿಂಡಿದರು. ಪೂರ್ತಿ ಒಣಗುವ ಮೊದಲೇ ಇಸ್ತ್ರಿ ಮಾಡಿದರು. ಒಂದೊಂದೂ ಒಂದೊಂದು ಬಣ್ಣದಲ್ಲಿದ್ದ ಗುಂಡಿಗಳನ್ನು ಕಿತ್ತು ಬಿಳಿ ಗುಂಡಿ ಹೊಲಿದರು. ತಮ್ಮ ಬಿಳಿ ದುಪಟ್ಟಾವನ್ನು ಸಣ್ಣಗೆ ಮಡಚಿ ನನ್ನ ಸೊಂಟಕ್ಕೆ ಕಟ್ಟಿದರು. ನಾನು ಹಾಕಿಕೊಂಡಿದ್ದ ಮಣಿಸರವನ್ನು ಮಾತ್ರ ತೆಗೆಸಿದರು.

“ಸರ ಬೇಡ್ವಾ ಅತ್ತೆ?”

“ಬೇಡ. ಸೆಕೆಗಾಲದಲ್ಲಿ ಕಡಿಮೆ ಇದ್ರೇನೇ ಲಕ್ಷಣ.”

ಗೆಳತಿಯ ಅಮ್ಮ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, “ಎಲ್ಲಿ ತಗೊಂಡಿದ್ದಮ್ಮ ಇದು?” ಎಂದು ಕೇಳಿದರು. ಮಿನುಗುವ ನೈಲಾನ್ ಫ್ರಾಕಿನ ಹುಡುಗಿಯರು ಕತ್ತು ಕೆರೆದುಕೊಳ್ಳುತ್ತಿದ್ದರೆ, ನಾನು ಸಂಜೆಯೆಲ್ಲ ಆರಾಮಾಗಿ ಕುಣಿದೆ.

ಮನೆಗೆ ಬಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅತ್ತೆ ನಗುತ್ತ, “ಸರಿ, ಈಗ ದುಪಟ್ಟಾ ಬಿಚ್ಚು. ಬೆಳಿಗ್ಗೆ ನಂಗೆ ಆಫೀಸಿಗೆ ಬೇಕು,” ಅಂದರು.

ಇವತ್ತು ಮಗಳು ದೊಗಲೆ ಕಾಟನ್ ಶರ್ಟು ಹಾಕಿಕೊಂಡು ಹೊರಟಿದ್ದಳು. ತಡೆದು, ಅವಳ ಒಂದು ತೋಳನ್ನು ಮೊಣಕೈವರೆಗೆ ನೀಟಾಗಿ ಮಡಚಿದೆ. “ಬಿಡಮ್ಮ,” ಎಂದು ಗೊಣಗಿದಳು. ಕನ್ನಡಿ ನೋಡಿಕೊಂಡು, ಇನ್ನೊಂದು ತೋಳನ್ನೂ ನನ್ನತ್ತ ಚಾಚಿದಳು.