ಮೂರನೆಯ ದಿನದ ಎಣಿಕೆ

ಹವಾಮಾನ ಕಚೇರಿಯ ತಾರಸಿಯ ಮೇಲೆ ಒಂದು ಉಕ್ಕಿನ ತಟ್ಟೆಯಿತ್ತು. ಎಳೆಮಗುವನ್ನು ಮಲಗಿಸುವಷ್ಟು ಅಗಲ, ಒಂದು ಗೇಣು ಆಳ. ಮಳೆಯೋ ಹಿಮವೋ, ಅದರಲ್ಲಿ ಬಿದ್ದದ್ದನ್ನು ಬೆಳಿಗ್ಗೆ ಎಂಟಕ್ಕೆ ಬಾಟಲಿಗೆ ತುಂಬಿ, ಕೆಳಗೆ ತಂದು ಒಲೆಯ ಮೇಲೆ ಬತ್ತಿಸುವುದು ಗುಡುಗಮ್ಮನ ಕೆಲಸ. ನೀರೆಲ್ಲ ಆವಿಯಾದ ಮೇಲೆ ಲೋಹದ ಬಿಲ್ಲೆಯೊಂದರಲ್ಲಿ ಬೂದಿಯಂಥ ಕಲೆ ಉಳಿಯುತ್ತಿತ್ತು. ಆ ಬಿಲ್ಲೆಯನ್ನು ಸೀಸದ ಗೂಡಿನೊಳಗಿನ, ವಿಕಿರಣ ಎಣಿಸುವ ಕೌಂಟರಿನ ಕೆಳಗಿಟ್ಟರೆ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು. ಇಪ್ಪತ್ತು ನಿಮಿಷದಲ್ಲಿ ಎಷ್ಟು ಸಲ ಎಂದಿತೋ ಆ ಸಂಖ್ಯೆಯನ್ನು ಆಕೆ ದಪ್ಪ ಪುಸ್ತಕದಲ್ಲಿ ಬರೆಯುತ್ತಿದ್ದಳು. ಎಲ್ಲೋ ದೂರದಲ್ಲಿ ದೊಡ್ಡವರು ಅಣುಬಾಂಬ್ ಸಿಡಿಸಿ ಪರೀಕ್ಷೆ ಮಾಡಿದರೆ, ಅದರ ಧೂಳು ಗಾಳಿಯಲ್ಲಿ ಅಲೆದಾಡಿ ಮಳೆಯ ಜೊತೆ ಯಾರದೋ ಅಂಗಳಕ್ಕೆ ಇಳಿಯುತ್ತದೆ. ಎಷ್ಟು ಇಳಿಯಿತು ಎಂದು ತಿಳಿಯಲು ಸರ್ಕಾರ ಈಕೆಯನ್ನು ಇಟ್ಟುಕೊಂಡಿತ್ತು. ಸಿಡಿಸುವವರು ಸಿಡಿಸುತ್ತಿದ್ದರು, ಈಕೆ ತಟ್ಟೆ ತೊಳೆಯುತ್ತಿದ್ದಳು.

ಗುಡುಗಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ನಿಜ ಹೇಳಬೇಕೆಂದರೆ ಆಕೆಯ ದನಿ ಪಕ್ಕದಲ್ಲಿ ಕೂತವರಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಗುಡುಗಿನ ಮಳೆ ಬಂದಿತ್ತು. ಆ ನೀರನ್ನು ಅಂದೇ ಬತ್ತಿಸಿ ಅಂದೇ ಎಣಿಸಿದಳು. ಕೌಂಟರ್ ಸಾಸಿವೆ ಸಿಡಿದಂತೆ ಚಟಪಟಗುಟ್ಟಿತು. ಈಕೆ ಎದ್ದೆನೋ ಬಿದ್ದೆನೋ ಎಂದು ಬೀದಿಗೆ ಓಡಿ, ಒಣಗಲು ಹಾಕಿದ್ದ ಬಟ್ಟೆಗಳನ್ನೆಲ್ಲ ಒಳಗೆ ತೆಗೆಸಿ, ತೊಟ್ಟಿಗಳನ್ನು ಮುಚ್ಚಿಸಿ, ಹಾಲಿನವನ ಎರಡು ಕ್ಯಾನ್ ಹಾಲನ್ನು ಚರಂಡಿಗೆ ಸುರಿಸಿದಳು. ಮೂರನೆಯ ದಿನ ನೋಡಿದರೆ ಅದೇ ಬಿಲ್ಲೆ ಬೆಕ್ಕಿನ ಮರಿಯ ಹಾಗೆ ತೆಪ್ಪಗೆ ಕೂತಿತ್ತು.

ಆಮೇಲೆ ಮೇಲಧಿಕಾರಿ ಕೂರಿಸಿಕೊಂಡು ತಿಳಿಹೇಳಿದರು. ನೆಲದಿಂದ ಏಳುವ ಸಹಜ ವಿಕಿರಣ ಎಲ್ಲ ಮಳೆಯಲ್ಲೂ ಅಷ್ಟಿಷ್ಟು ಇದ್ದೇ ಇರುತ್ತದೆ. ಅದು ಮೂರು ದಿನದಲ್ಲಿ ತಾನಾಗಿ ಆರಿಹೋಗುತ್ತದೆ. ಬಾಂಬಿನ ಧೂಳಿನದು ಅಷ್ಟು ಬೇಗ ಆರುವುದಿಲ್ಲ. ಆದ್ದರಿಂದ ಮೊದಲ ಎಣಿಕೆಯನ್ನು ಬರೆದಿಡಬೇಕು, ನಂಬಬಾರದು. ಮೂರನೆಯ ದಿನದ್ದೇ ನಿಜ. ಆಕೆ ತಲೆಯಾಡಿಸಿದಳು. ಹಾಲಿನವನು ಮಾತ್ರ ಹತ್ತಾರು ವರ್ಷ ಆಕೆಯನ್ನು ಕಂಡಾಗಲೆಲ್ಲ ಆಕಾಶ ನೋಡಿ, ಇವತ್ತು ಹಾಲು ಮಾರಬಹುದೋ ಎಂದು ವಿನಯದಿಂದ ಕೇಳುತ್ತಿದ್ದ. ನಾಚಿಕೆಗೆ ಆಕೆ ಬಾಯಿಗೆ ಬೀಗ ಹಾಕಿಕೊಂಡಳು. ಇಪ್ಪತ್ತೊಂದು ವರ್ಷದಲ್ಲಿ ಮೊದಲ ದಿನದ ಎಣಿಕೆ ನಲವತ್ತು ಸಲವಾದರೂ ಮೇಲೇರಿತ್ತು. ಮನೆಯಲ್ಲಿ ಒಮ್ಮೆಯೂ ತುಟಿ ಬಿಚ್ಚಲಿಲ್ಲ. ಬಹುತೇಕ ಎಲ್ಲವೂ ಮೂರನೆಯ ದಿನ ಇಳಿದಿದ್ದವು.

ಆ ವರ್ಷ ಊರಿಗೆ ಹಿಮ ಬಿತ್ತು. ಆರು ವರ್ಷದಿಂದ ಬಿದ್ದಿರಲಿಲ್ಲ. ಗುಡುಗಮ್ಮನ ಮೊಮ್ಮಗಳಿಗೆ ಐದು ವರ್ಷ, ಆ ಬಿಳುಪನ್ನು ಕಂಡೇ ಇರಲಿಲ್ಲ. ಅಜ್ಜಿ ತಟ್ಟೆಯ ಹಿಮವನ್ನು ಸೌಟಿನಿಂದ ಬಳಿದು ತಂದಳು. ತಟ್ಟೆತುಂಬ ಇದ್ದದ್ದು ಕರಗಿ ಒಂದು ಚೊಂಬು ನೀರಾಯಿತು. ಬತ್ತಿಸಿ ಕೌಂಟರಿನ ಕೆಳಗಿಟ್ಟಳು. ಎಂದಿನ ಮೊದಲ ಎಣಿಕೆಯ ಮೂರರಷ್ಟು ಬಂತು. ಬರೆದುಕೊಂಡು, ಬಿಲ್ಲೆಗೆ ದಿನಾಂಕದ ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟಳು.

ಸಂಜೆ ಮನೆಗೆ ಬಂದರೆ ಮೊಮ್ಮಗಳು ಮೆಟ್ಟಿಲ ಮೇಲೆ ಕೂತು ಬಟ್ಟಲಿನಲ್ಲಿ ಹಿಮ ತುಂಬಿಕೊಂಡು, ಮೇಲೆ ಸಕ್ಕರೆ ಉದುರಿಸಿ ಚಮಚದಿಂದ ತಿನ್ನುತ್ತಿತ್ತು. ಮಗಳು ಒಳಗಿನಿಂದಲೇ ಕೇಳಿದಳು, "ಅಮ್ಮಾ, ಇದನ್ನ ತಿಂದ್ರೆ ಏನೂ ಆಗಲ್ಲ ತಾನೆ? ನಿಮ್ಮ ಮಿಷನ್ ಏನ್ ಹೇಳುತ್ತೆ?"

ಗುಡುಗಮ್ಮ ಚಪ್ಪಲಿ ಬಿಡುತ್ತ ನಿಂತಳು. ಹೇಳಬೇಕೆನ್ನಿಸಿತು. ಕುರ್ಚಿಯಲ್ಲಿದ್ದ ಅಳಿಯ ಪತ್ರಿಕೆಯ ಹಿಂದಿನಿಂದ, ಅತ್ತೆಯವರು ಇನ್ನೇನು ಗುಡುಗುತ್ತಾರೆ, ಕೊಡೆ ಹಿಡ್ಕೊಳ್ಳಿ ಎಂದ. ಒಳ್ಳೆಯವನೇ, ನಾಲಿಗೆ ಮಾತ್ರ ಸ್ವಲ್ಪ ಉದ್ದ.

"ಇನ್ನೂ ಏನೂ ಗೊತ್ತಾಗಿಲ್ಲ" ಎಂದಳು ಗುಡುಗಮ್ಮ. "ಮೂರು ದಿನ ಆಗ್ಲಿ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಮಗಳು ನಿಶ್ಚಿಂತಳಾಗಿ ಒಗ್ಗರಣೆಗೆ ತಿರುಗಿದಳು. ಮಗು ಮೂರು ದಿನವೂ ತಿಂದಿತು. ಮನೆಯ ಸಕ್ಕರೆ ಡಬ್ಬಿ ಅರ್ಧ ಖಾಲಿಯಾಯಿತು ಎಂಬುದೊಂದೇ ಮಗಳ ದೂರು.

ಮೂರನೆಯ ದಿನ ಬಿಲ್ಲೆಯ ಎಣಿಕೆ ಇಳಿದಿರಲಿಲ್ಲ. ಗುಡುಗಮ್ಮ ಗೂಡಿನ ಒಳಗೆಲ್ಲ ಒರೆಸಿ ಮತ್ತೆ ಎಣಿಸಿದಳು. ಖಾಲಿ ಬಿಲ್ಲೆ ಇಟ್ಟು ಯಂತ್ರವನ್ನೇ ಪರೀಕ್ಷಿಸಿದಳು. ಯಂತ್ರ ಸರಿಯಾಗಿಯೇ ಇತ್ತು. ಮೇಲಿನ ಕಚೇರಿಗೆ ಸಂಖ್ಯೆ ಕಳಿಸಿ, ಬಾಗಿಲು ಹಾಕುವುದನ್ನೂ ಮರೆತು, ಹಾಡುಹಗಲಲ್ಲೇ ಮನೆಗೆ ನಡೆದಳು.

ಮೊಮ್ಮಗಳು ಎದುರಿಗೇ ಬಂದಿತು. ಅಂಗಳದಲ್ಲಿ ಗೋಡೆಯ ನೆರಳಿನಲ್ಲಷ್ಟೇ ಹಿಮ ಉಳಿದಿತ್ತು. ಅದನ್ನೇ ಕೆರೆದು ತುಂಬಿದ ಬಟ್ಟಲು ಅದರ ಕೈಯಲ್ಲಿತ್ತು, ಸಕ್ಕರೆಯೂ ಬಿದ್ದಾಗಿತ್ತು.

"ಇದು ಕೊನೇದು ಅಜ್ಜಿ. ನಿಂಗೆ ಅಂತ ಇಟ್ಟಿದೀನಿ."

ಅಜ್ಜಿ ಎರಡೂ ಕೈಯಲ್ಲಿ ಇಸಿದುಕೊಂಡಳು. ಮಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮಗಳು ಕೂಗಾಡಲಿಲ್ಲ, ಮೂರು ದಿನ ಮುಂಚೆ ಬೇಡ ಅಂದಿದ್ದರೆ ಏನಾಗ್ತಿತ್ತು ಎಂದು ಒಂದೇ ಸಲ ಕೇಳಿದಳು. ಬೀದಿಯವರು ನಗುತ್ತಿದ್ದರು, ಅಷ್ಟೇ.

ಬಟ್ಟಲಿಗೆ ತಟ್ಟೆ ಮುಚ್ಚಿ ಕಚೇರಿಗೆ ಒಯ್ದಳು. ಮಗು ಎಷ್ಟು ತಿಂದಿದೆ ಎಂದು ಸಂಖ್ಯೆಯಲ್ಲಿ ತಿಳಿದರೆ ಮನಸ್ಸು ಒಂದು ಕಡೆ ನಿಲ್ಲುತ್ತದೆ ಎಂಬ ಆಸೆ. ಆದರೆ ಜೀವಮಾನವೆಲ್ಲ ನೀರು ಬತ್ತಿಸಿದವಳು ಅಂದು ಸಕ್ಕರೆಯನ್ನೇ ಮರೆತಳು. ನೀರು ಇಂಗುತ್ತಿದ್ದಂತೆ ಅದು ಪಾಕವಾಗಿ, ಉಬ್ಬಿ, ಬಿಲ್ಲೆಯ ತುಂಬ ದಪ್ಪ ಕರಿಯ ಕಿಟ್ಟ ಕಟ್ಟಿತು. ಘಮಘಮ ಎಂದು ಗುಮಾಸ್ತ ಮೂಗು ಅರಳಿಸಿಕೊಂಡು ಬಂದು, ಯಾರ ಮನೆಯ ಶುಭಕಾರ್ಯ ಎಂದು ವಿಚಾರಿಸಿದ. ಇದ್ದಬದ್ದ ವಿಕಿರಣವೆಲ್ಲ ಆ ಕಿಟ್ಟದೊಳಗೇ ಹೂತುಹೋಗಿ, ಕೌಂಟರಿಗೆ ಏನೂ ತಲುಪುವಂತಿರಲಿಲ್ಲ. ಕೆರೆಯಲೂ ಬರಲಿಲ್ಲ. ಅಷ್ಟರಲ್ಲಿ ಬಿಸಿಲು ಏರಿ ಅಂಗಳದ ಹಿಮವೂ ಕರಗಿಹೋಗಿತ್ತು.

ಅಂದಿನಿಂದ ಮೊದಲ ಎಣಿಕೆ ಏರಿದ ದಿನವೇ ಆಕೆ ಮನೆಮನೆಗೆ ಹೋಗಿ ಹೇಳತೊಡಗಿದಳು. ಹತ್ತರಲ್ಲಿ ಒಂಬತ್ತು ಸಲ ಸುಳ್ಳಾಯಿತು. ಹಾಲಿನವನ ಗೇಲಿಗೆ ಸುಗ್ಗಿ. ಆಕೆ ಕೇಳಿಸಿಕೊಂಡು ಮುಂದಿನ ಮನೆಗೆ ನಡೆಯುತ್ತಿದ್ದಳು. ಮೊಮ್ಮಗಳು ಕಲ್ಲುಗುಂಡಿನ ಹಾಗೆ ಬೆಳೆಯಿತು. ಆದರೂ ಅದಕ್ಕೆ ನೆಗಡಿಯಾದರೂ ಸಾಕು, ಅಜ್ಜಿಗೆ ಅನ್ನ ಸೇರುತ್ತಿರಲಿಲ್ಲ.

ಹಿಮ ಬಿದ್ದ ಆ ವರ್ಷದ ಕೊನೆಗೆ ತಪಾಸಣೆಯ ಅಧಿಕಾರಿ ಬಂದು ಪುಸ್ತಕ ತಿರುವಿದರು. ಒಂದು ಸಾಲಿನಲ್ಲಿ 'ಮನೆಯ ಹಿಮ, ಒಂದು ಬಟ್ಟಲು' ಎಂದಿತ್ತು. ಸಂಖ್ಯೆಯ ಜಾಗ ಖಾಲಿ. ಎಣಿಕೆ ಸಿಗದಿದ್ದರೆ ಸೊನ್ನೆ ಹಾಕಬೇಕು, ಖಾಲಿ ಬಿಡುವ ಹಾಗಿಲ್ಲ ಎನ್ನುತ್ತ ಅವರೇ ಪೆನ್ನು ತೆಗೆದರು.

ಗುಡುಗಮ್ಮ ಪುಸ್ತಕದ ಮೇಲೆ ಅಂಗೈ ಇಟ್ಟಳು. ಆಕೆಯ ದನಿ ಪಕ್ಕದ ಕೋಣೆಯ ಗುಮಾಸ್ತನಿಗೂ ಕೇಳಿಸಿತು.

"ಸೊನ್ನೆ ಹಾಕ್ಬೇಡಿ ಸಾರ್. ಅದು ನನ್ನ ಮೊಮ್ಮಗಳು ತಿಂದಿದ್ದು. ಎಷ್ಟು ಅಂತ ನಂಗೆ ಗೊತ್ತಿಲ್ಲ."

ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿ, ಹಾಳೆ ತಿರುವಿದರು.