ಒಂದೇ ಮನೆಯ ಎರಡು ಹನಿ

ಎಪ್ಪತ್ತರ ದಶಕದ ಕೊನೆ. ಕತ್ತಲಗೆರೆಯ ಶಾಲೆಯಲ್ಲಿ ಅಪ್ಪ ಮೇಷ್ಟ್ರು. ಅಲ್ಲೇ ನಾನು ಐದನೇ ಕ್ಲಾಸು, ತಮ್ಮ ಮೂರನೆಯದು. ನಾಲೆಗೆ ನೀರು ಬಿಟ್ಟರೆ ಗದ್ದೆಗೆ ಭತ್ತ, ಊರಿಗೆ ಸೊಳ್ಳೆ. ಸೊಳ್ಳೆಯ ಮೇಲೆ ಭಾಷಣ ಮಾಡುವುದರಲ್ಲಿ ಅಪ್ಪನನ್ನು ಮೀರಿಸುವವರಿರಲಿಲ್ಲ. "ಗಂಡು ಹೆಣ್ಣು ಅನ್ನದೆ ಎಲ್ಲಾ ಮಕ್ಕಳನ್ನೂ ಪರದೆಯೊಳಗೆ ಮಲಗಿಸ್ರಿ" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ನಮ್ಮ ಮನೆಯಲ್ಲಿದ್ದುದು ಒಂಟಿ ಮಂಚದ ಒಂದೇ ಸೊಳ್ಳೆಪರದೆ. ಅದರೊಳಗೆ ತಮ್ಮ, ಮಹಾರಾಜನ ಹಾಗೆ. ನಾನು ಅಜ್ಜಿಯ ಪಕ್ಕ ನೆಲದ ಮೇಲೆ, ತಲೆತುಂಬ ಕೌದಿ ಹೊದ್ದು. ಇನ್ನೊಂದು ಪರದೆ ತರುತ್ತೇನೆಂದು ಅಪ್ಪ ಹೇಳುತ್ತಲೇ ಇದ್ದರು. ಚನ್ನಗಿರಿಗೆ ಹೋದಾಗಲೆಲ್ಲ ಪರದೆ ಮರೆಯುತ್ತಿತ್ತು, ರೇಡಿಯೋ ಸೆಲ್ ಮರೆಯುತ್ತಿರಲಿಲ್ಲ.

ಒಂದು ದಿನ ಜಿಲ್ಲೆಯಿಂದ ಡಾಕ್ಟರಮ್ಮ ಬಂದರು. ಮಕ್ಕಳ ಬೆರಳಿಗೆ ಸೂಜಿ ಚುಚ್ಚಿ ಒಂದೊಂದು ಹನಿ ರಕ್ತವನ್ನು ದಪ್ಪ ಕಾಗದಕ್ಕೆ ಒತ್ತಿಕೊಂಡರು. ಮಲೇರಿಯಾ ಸೊಳ್ಳೆ ಕಚ್ಚಿ ರೋಗಾಣು ಒಳಗೆ ಹೋದರೆ ಅದರ ವಿರುದ್ಧ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತದೆ, ಜ್ವರ ಬಿಟ್ಟ ಮೇಲೂ ಅದು ಉಳಿದಿರುತ್ತದೆ, ಯಾವ ಮಗುವಿಗೆ ಆ ಸೊಳ್ಳೆಯ ಕಾಟ ಹೆಚ್ಚೆಂದು ಅದರಿಂದ ತಿಳಿಯುತ್ತದೆ ಎಂದರು. ಅಪ್ಪ ಅದನ್ನು ನಮಗೆ ಬಿಡಿಸಿ ಹೇಳಿದರು: "ನೀವು ಮರೆತ್ರೂ ನಿಮ್ಮ ರಕ್ತ ಮರೆಯಾಕಿಲ್ಲ ಕಣ್ರೋ."

ಕೆಲವು ವಾರಗಳಾದ ಮೇಲೆ ಡಾಕ್ಟರಮ್ಮ ಮತ್ತೆ ಬಂದರು. ಅಪ್ಪನನ್ನೂ ನನ್ನನ್ನೂ ಹೆಡ್‌ಮೇಷ್ಟ್ರ ಕೋಣೆಗೆ ಕರೆಸಿದರು.

"ಮೇಷ್ಟ್ರೇ, ಒಂದು ಅನುಮಾನ. ನಿಮ್ಮ ಮಗಳ ರಕ್ತದಲ್ಲಿ ಪ್ರತಿಕಾಯ ಜೋರಾಗಿದೆ, ಮಗನದರಲ್ಲಿ ಏನೂ ಇಲ್ಲ. ಇವಳು ಬೇರೆ ಊರಲ್ಲಿ ಬೆಳೆದವಳಾ?"

"ಇಲ್ಲ ಮೇಡಂ, ಇಬ್ರೂ ಒಂದೇ ಮನ್ಯಾಗೆ..." ಹೆಡ್‌ಮೇಷ್ಟ್ರು ಕನ್ನಡಕ ತೆಗೆದು ಅಪ್ಪನನ್ನೇ ನೋಡಿದರು. ಅಪ್ಪನ ಕಿವಿ ಕೆಂಪಾಯಿತು. ನನ್ನ ರಕ್ತವೇ ಹೋಗಿ ಮನೆಯ ಗುಟ್ಟನ್ನು ಊರಿಗೆ ಸಾರಿ ಬಂದಂತೆ ನನಗೆ ನಾಚಿಕೆಯಾಯಿತು.

"ನೀನು ಎಲ್ಲಿ ಮಲಗ್ತೀಯಮ್ಮಾ?" ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

"ಪರದೆಯೊಳಗೆ ಸೆಕೆ ಆಗ್ತೈತ್ರಿ. ಅಪ್ಪ ಎಷ್ಟು ಹೇಳಿದ್ರೂ ನಾನೇ ಹೊರಗೆ ಮಲಗ್ತೀನಿ."

ಹೇಳಿ ಅಪ್ಪನ ಮುಖ ನೋಡಿದೆ. ಹಾಗಲ್ಲ ಎಂದು ಅವರು ಒಂದು ಮಾತು ಹೇಳಲಿ ಎಂದು ಒಳಗೊಳಗೇ ಕಾಯುತ್ತಿದ್ದೆ. ಅಪ್ಪ ಉಸಿರು ಬಿಟ್ಟು ನಕ್ಕರು.

"ಬಲು ಹಠಮಾರಿ ಮೇಡಂ. ಹೇಳಿದ್ ಮಾತು ಕೇಳಾಕಿಲ್ಲ."

ಅಪ್ಪ ಹೇಳಿದ ಹಾಗೆ ಕೇಳಬೇಕು ಎಂದು ಡಾಕ್ಟರಮ್ಮ ನನ್ನನ್ನು ಗದರಿದರು. ನಾನು ತಲೆಯಾಡಿಸಿದೆ. ಇನ್ನೊಂದು ಪರದೆಯ ಮಾತು ಅವತ್ತಿಗೇ ಮುಗಿಯಿತು. ನನಗೆ ಸೆಕೆಯಲ್ಲವೇ, ಪರದೆ ಯಾಕೆ?

ಅಪ್ಪ ಸುಮ್ಮನೆ ನನ್ನ ಮಾತನ್ನು ಒಪ್ಪಿಕೊಂಡದ್ದನ್ನು ನಾನು ಎಂದೋ ಕ್ಷಮಿಸಿದ್ದೇನೆ. ಇಂದಿಗೂ ನೆನೆದರೆ ತಲೆ ತಗ್ಗುವುದು ಆಮೇಲಿನದಕ್ಕೆ. ಮನೆಗೆ ಹೋಗುವಾಗ ಅಪ್ಪ ಬೀದಿಯಲ್ಲಿ ನನ್ನ ಕೈ ಹಿಡಿದುಕೊಂಡರು. ಅಲ್ಲಿಯವರೆಗೆ ಅವರು ಹಿಡಿಯುತ್ತಿದ್ದುದು ತಮ್ಮನ ಕೈಯನ್ನು ಮಾತ್ರ. ನನಗೆ ಎಷ್ಟು ಖುಷಿಯಾಯಿತೆಂದರೆ, ಮನೆ ಬೇಗ ಬರದಿರಲಿ ಎಂದು ಕಾಲೆಳೆದುಕೊಂಡು ನಡೆದೆ.